"ಅವರಿಗೇ ಯಾಕೆ ಬೇರೆ ಸೆಂಟರು?"

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಯಾರ ಮನೆಯ ಸತ್ಯನಾರಾಯಣ ಪೂಜೆಗೆ ಹೋದರೂ, ಊಟವಾಗಿ ಮಾತು ಮಕ್ಕಳ ಕಾಲೇಜಿನ ಕಡೆ ಹೊರಳಿದ ಕೂಡಲೇ ಈ ಪ್ರಶ್ನೆ ನನ್ನ ಬುಡಕ್ಕೆ ಬರುತ್ತದೆ. ವಾರಕ್ಕೆರಡು ಸಂಜೆ ಒಂದು ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜಿನಲ್ಲಿ, ಗಣಿತ ಹೇಳಿಕೊಡುತ್ತೇನಲ್ಲ, ಅದಕ್ಕೆ. "ಅಲ್ಲಾ ಅಕ್ಕಾ, ಮೆಕ್ಸಿಕೋ ಆ ಕಡೆಯ ಲ್ಯಾಟಿನೋ ಹುಡುಗರಿಗೆ ಅಂತ ಬೇರೆ ಸೆಂಟರು, ಬೇರೆ ಟ್ಯೂಷನ್ನು, ಸಾಲದ್ದಕ್ಕೆ ಹಬ್ಬ ಬೇರೆ. ನಾವೂ ವಲಸೆ ಬಂದವರೇ ಅಲ್ವಾ?"

ಹೌದು, ಬಂದವರೇ. ಆದರೆ ನಮ್ಮಲ್ಲಿ ಬಹಳಷ್ಟು ಜನ ಬಂದದ್ದು ಎಚ್-1ಬಿ ಮೇಲೆ. ಡಿಗ್ರಿ ಇದ್ದವರನ್ನೇ ಸೋಸಿ ತೆಗೆದುಕೊಳ್ಳುವ ವೀಸಾ ಅದು. ನನ್ನ ಮಗ ಕ್ಯಾಲ್ಕುಲಸ್‌ನಲ್ಲಿ ತಡವರಿಸಿದಾಗ ಮನೆಯಲ್ಲೇ ಇಬ್ಬರು ಇಂಜಿನಿಯರುಗಳಿದ್ದರು. ನನ್ನ ಹತ್ತಿರ ಬರುವ ಹುಡುಗಿಯೊಬ್ಬಳ ಅಪ್ಪ ಚಾವಣಿ ಹೊದಿಸುವ ಕೆಲಸದವನು, ಅಮ್ಮ ಹೋಟೆಲಿನ ರೂಮು ಗುಡಿಸಿ ಒರೆಸುತ್ತಾಳೆ. ಹಣಕಾಸಿನ ನೆರವಿಗೆ ಕೊಡುವ ಫಾಫ್ಸಾ ಅರ್ಜಿಯನ್ನು ಈ ಹುಡುಗಿ ಹದಿನೇಳನೇ ವಯಸ್ಸಿನಲ್ಲಿ ಸಾಲುಸಾಲಾಗಿ ಅಮ್ಮನಿಗೆ ಸ್ಪ್ಯಾನಿಷ್‌ನಲ್ಲಿ ಹೇಳುತ್ತಾ ತಾನೇ ತುಂಬಿದ್ದಳು. ಕಾಲೇಜಿನ ವಿಷಯ ಆ ಮನೆಯಲ್ಲಿ ಅವಳಿಗಿಂತ ಹೆಚ್ಚು ತಿಳಿದವರಿಲ್ಲ.

ಇಲ್ಲೇ ಪಕ್ಕದ ಹೇವರ್ಡಿನ ಶಾಬೋ ಕಾಲೇಜಿನಲ್ಲಿ 1981ರಲ್ಲಿ ಇಂಗ್ಲಿಷ್ ಮೇಡಂ ಪೆಟ್ರೀಷಿಯಾ ಮೆಗ್ರಾ ಮತ್ತು ಯಾವ ಕೋರ್ಸು ತೆಗೆದುಕೊಳ್ಳಬೇಕು ಅಂತ ದಾರಿ ತೋರಿಸುವ ಕೌನ್ಸೆಲರ್ ಫೀಲಿಕ್ಸ್ ಗಲವೀಸ್ ಇಂಥ ವಿದ್ಯಾರ್ಥಿಗಳ ಅಂಕಪಟ್ಟಿಗಳನ್ನು ತೆಗೆದು ನೋಡಿದರು. ಇವರು ಕೌನ್ಸೆಲರ್ ಹತ್ತಿರ ಹೋಗುತ್ತಿರಲಿಲ್ಲ, ಕಾಲೇಜು ಮಟ್ಟದ ಬರವಣಿಗೆ ತರಗತಿಗೆ ಸೇರುತ್ತಿರಲಿಲ್ಲ, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರಾಗಿದ್ದರು. ಆಗ ಹುಟ್ಟಿದ್ದು 'ಪ್ವೆಂತೆ'. ಸ್ಪ್ಯಾನಿಷ್‌ನಲ್ಲಿ ಸೇತುವೆ ಅಂತ ಅರ್ಥ. ಬರವಣಿಗೆಯ ತರಗತಿ, ಕೌನ್ಸೆಲರ್, ಅದೇ ಸಮುದಾಯದಿಂದ ಬಂದು ಕೆಲಸದಲ್ಲಿರುವ ಒಬ್ಬ ಹಿರಿಯರು, ಈ ಮೂರನ್ನೂ ಒಟ್ಟಿಗೆ ಕಟ್ಟಿದರು. ಓದಲು ಕೊಟ್ಟದ್ದು ಮೆಕ್ಸಿಕನ್-ಅಮೆರಿಕನ್ ಲೇಖಕರನ್ನು. ಅಂದಹಾಗೆ, ಪ್ವೆಂತೆಗೆ ಯಾರು ಬೇಕಾದರೂ ಸೇರಬಹುದು. "ಅವರಿಗೇ" ಅನ್ನುವ ಮಾತು ಅಲ್ಲೇ ಬಿದ್ದುಹೋಗುತ್ತದೆ. 1996ರಲ್ಲಿ ಜನರೇ ಮತ ಹಾಕಿ ಪಾಸು ಮಾಡಿದ ಪ್ರಪೊಸಿಷನ್ 209 ಅನ್ನುವ ಕಾನೂನು ಬಂದ ಮೇಲಂತೂ ಕ್ಯಾಲಿಫೋರ್ನಿಯಾದ ಸರ್ಕಾರಿ ಕಾಲೇಜುಗಳು ಜನಾಂಗ ನೋಡಿ ಸೀಟು ಕೊಡುವಂತಿಲ್ಲ.

ಟ್ಯೂಷನ್ ಸರಿ, ಹಬ್ಬ ಯಾಕೆ? ಇದು ನನ್ನದೇ ಗೊಣಗಾಟವೂ ಆಗಿತ್ತು. ಮೊದಲ ತಿಂಗಳು ನನ್ನ ಮೇಜಿಗೆ ಒಬ್ಬರೂ ಬರಲಿಲ್ಲ. ಗೊತ್ತಿಲ್ಲ ಅಂತ ಬಂದು ಹೇಳುವುದೆಂದರೆ, ನಾನು ಇಲ್ಲಿಗೆ ಸಲ್ಲದವಳು ಅಂತ ಒಪ್ಪಿಕೊಂಡ ಹಾಗೆ ಅಲ್ಲವೇ? ನವೆಂಬರ್ ಮೊದಲಲ್ಲಿ ಮೆಕ್ಸಿಕೋ ಮೂಲದವರು ಸತ್ತವರಿಗಾಗಿ ಎಡೆ ಇಡುತ್ತಾರೆ, ನಮ್ಮ ಮಹಾಲಯದ ಹಾಗೆ. ಫೋಟೋ, ಬ್ರೆಡ್ಡು, ರಾಶಿ ರಾಶಿ ಚೆಂಡುಹೂವು. (ಆಯುಧಪೂಜೆಗೆ ನಾವು ಲಾರಿಗೆ ಕಟ್ಟುವ ಚೆಂಡುಹೂವು ಮೆಕ್ಸಿಕೋ ಕಡೆಯದು!) ಕೌನ್ಸೆಲರ್ ನನ್ನ ಮೇಜನ್ನು ಆ ಕೋಣೆಗೇ ಎಳೆಸಿದರು. ಹೂ ಕಟ್ಟಲು ಬಂದವರು ಕೂತರು, ಕೂತವರು ಪುಸ್ತಕ ತೆಗೆದರು. ಚಾವಣಿ ಕೆಲಸದವನ ಮಗಳು ಸಿಕ್ಕಿದ್ದು ಹಾಗೆ.

ಇಷ್ಟು ಹೇಳಿಯೂ ಮುಖ ಗಂಟಿಕ್ಕಿದವರಿಗೆ ನಮ್ಮಪ್ಪನ ಸುದ್ದಿ ಹೇಳುತ್ತೇನೆ. ಹಳ್ಳಿಯಿಂದ ಬೆಂಗಳೂರಿಗೆ ಬಂದು ಜಾತಿ ಹಾಸ್ಟೆಲ್ಲಿನಲ್ಲಿ ಇದ್ದು ಓದಿದವರು. ಮುದ್ದೆ ಊಟದಷ್ಟೇ ಅವರು ನೆನೆಯುತ್ತಿದ್ದುದು ಯಾವ ಕೌಂಟರಿಗೆ ಯಾವ ಫಾರಂ ಕೊಡಬೇಕು ಅಂತ ಹೇಳಿಕೊಟ್ಟ ಸೀನಿಯರುಗಳನ್ನು.

ಶೇ 25ರಷ್ಟಾದರೂ ಹಿಸ್ಪ್ಯಾನಿಕ್, ಅಂದರೆ ಹೆಚ್ಚುಕಡಿಮೆ ಲ್ಯಾಟಿನೋ, ವಿದ್ಯಾರ್ಥಿಗಳಿರುವ ಕಾಲೇಜುಗಳಿಗೆ ಅಮೆರಿಕದ ಕೇಂದ್ರ ಸರ್ಕಾರದ ಅನುದಾನವಿತ್ತು. ಅಂಥ ಅನುದಾನಗಳನ್ನು ನಿಲ್ಲಿಸುವುದಾಗಿ 2025ರ ಸೆಪ್ಟೆಂಬರಿನಲ್ಲಿ ಶಿಕ್ಷಣ ಇಲಾಖೆ ಹೇಳಿತು. ನಾನು ಪುಕ್ಕಟೆ ಕೆಲಸದವಳು, ನನಗೇನೂ ಆಗಲಿಲ್ಲ. ಮೇಜು ಎಳೆಸಿದ ಕೌನ್ಸೆಲರ್ ಮಾತ್ರ ಈಗ ವಾರಕ್ಕೆ ಎರಡೇ ದಿನ ಬರುತ್ತಾರೆ.