ದಿ ಲಾಂಗ್ ಡಾರ್ಕ್: ಏನು ತೊಡಬೇಕು, ಏನು ಹೊರಬೇಕು

ಕೆನಡಾದ ಹಿಂಟರ್‌ಲ್ಯಾಂಡ್ ಸ್ಟುಡಿಯೋ 2017ರಲ್ಲಿ ಪೂರ್ಣರೂಪದಲ್ಲಿ ಬಿಡುಗಡೆ ಮಾಡಿದ ‘ದಿ ಲಾಂಗ್ ಡಾರ್ಕ್’ ಎಂಬ, ಹಿಮದ ಕಾಡಿನಲ್ಲಿ ಬದುಕುಳಿಯುವ ವಿಡಿಯೋ ಆಟದಲ್ಲಿ ತೋಳಗಳಿಗಿಂತ ಚಳಿಯೇ ನನ್ನನ್ನು ಹೆಚ್ಚು ಸಲ ಕೊಂದಿದೆ. ಆರಂಭದಲ್ಲಿ ನಾನು ಪ್ರತಿ ಬಟ್ಟೆಗೂ ಆಟ ಕೊಡುವ ಬೆಚ್ಚನೆಯ ಅಂಕಿಯನ್ನಷ್ಟೇ ನೋಡಿ ಆರಿಸುತ್ತಿದ್ದೆ. ಒಂದು ಸಂಜೆ ತೆಳುವಾದ ಮಂಜುಗಡ್ಡೆ ಒಡೆದು ನೀರಿಗೆ ಬಿದ್ದು, ಮೇಲೆದ್ದು ನಡೆಯುವಷ್ಟರಲ್ಲಿ ಉಣ್ಣೆಯ ಸ್ವೆಟರ್, ಕಾಲುಚೀಲ, ಪ್ಯಾಂಟ್ ಎಲ್ಲವೂ ಹೆಪ್ಪುಗಟ್ಟತೊಡಗಿದಾಗ, ಒದ್ದೆಯಾದ ಬಟ್ಟೆ ಎಷ್ಟೇ ದಪ್ಪವಾಗಿದ್ದರೂ ಮೈಯನ್ನು ಕಾಯುವುದಿಲ್ಲವೆಂಬುದು ಅರಿವಾಯಿತು. ಅಂದು ಗುಹೆಯೊಂದರಲ್ಲಿ ಬೆಂಕಿ ಹಚ್ಚಿ, ಬಟ್ಟೆಗಳನ್ನು ಒಂದೊಂದಾಗಿ ಕಳಚಿ ಉರಿಯ ಪಕ್ಕದಲ್ಲಿ ಹರಡಿ, ಅವು ಒಣಗುವವರೆಗೆ ಕಾದು ಕುಳಿತೆ.

ಹಾಗಾಗಿ ಉಣ್ಣೆಯನ್ನು ಒಳಗೆ ತೊಟ್ಟು, ನೀರನ್ನೂ ಗಾಳಿಯನ್ನೂ ತಡೆಯುವ ಕೋಟನ್ನು ಹೊರಗೆ ಹಾಕಿಕೊಳ್ಳುವುದು ಈಗ ನನ್ನ ಕ್ರಮ. ಗಾಳಿತಡೆಯ ಅಂಕಿ ಗಾಳಿ ಬೀಸುವಾಗ ಮಾತ್ರ ಉಪಯೋಗಕ್ಕೆ ಬರುತ್ತದೆಯಾದರೂ, ಬಯಲಾದ ಕಡಲತೀರದಲ್ಲಿ ನಡೆಯುವವರಿಗೆ ಅದೇ ಜೀವರಕ್ಷಕ. ಕರಡಿಯ ಚರ್ಮದ ಕೋಟು ಬಹಳ ಬೆಚ್ಚಗಿರುತ್ತದೆ. ಆದರೆ ಅದರ ಭಾರದಿಂದ ಓಡುವ ಶಕ್ತಿ ಕುಗ್ಗುತ್ತದೆ, ಚರ್ಮವನ್ನು ಹದಗೊಳಿಸಲು ಒಳಾಂಗಣದಲ್ಲಿ 12 ದಿನ ಇಡಬೇಕಾಗುತ್ತದೆ.

ತೊಟ್ಟ ಬಟ್ಟೆಯ ತೂಕವೂ ಹೊರೆಯ ಲೆಕ್ಕಕ್ಕೆ ಸೇರುತ್ತದೆ; ಸಾಮಾನ್ಯ ಮಿತಿ 30 ಕಿಲೋ. ಬಂದೂಕೊಂದೇ ಸುಮಾರು 4 ಕಿಲೋ ಇರುವುದರಿಂದ, ದೂರದ ಪಯಣಕ್ಕೆ ಅದನ್ನು ಬಿಟ್ಟು ಬೆಂಕಿಕಡ್ಡಿ, ಕೊಡಲಿ, ಮಲಗುವ ಚೀಲ ಮತ್ತು ಒಂದು ಲೀಟರ್ ನೀರನ್ನು ಒಯ್ಯುವುದೇ ಸರಿಯೆಂದು ನಾನು ನಂಬುತ್ತೇನೆ. ಜೊತೆಗೆ ಒಣಗಿದ ಒಂದು ಜೊತೆ ಉಣ್ಣೆಯ ಕಾಲುಚೀಲವನ್ನು ತಪ್ಪದೆ ಇಟ್ಟುಕೊಳ್ಳುತ್ತೇನೆ.