ಅಗ್ಗಕ್ಕೆ ಸಿಗುವಾಗ ದೊಡ್ಡ ಕಂಪನಿಗೆ ಲಗಾಮು ಯಾಕೆ?

ಉಡುಪಿಯಲ್ಲಿ ಮೂವತ್ತು ವರ್ಷಗಳಿಂದ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಂಡು ಬಂದವನು ನಾನು. ಜಿಎಸ್‌ಟಿ, ಆದಾಯ ತೆರಿಗೆಯ ಮಾತೆಲ್ಲ ಮುಗಿದು ಚಹಾ ಬರುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ: "ಅಲ್ಲ ಮಾರಾಯರೇ, ಜನರಿಗೆ ಕಡಿಮೆ ಕ್ರಯಕ್ಕೆ ಸಿಗುತ್ತದೆ, ಅದೂ ಮನೆ ಬಾಗಿಲಿಗೇ ಬರುತ್ತದೆ. ಕಂಪನಿ ದೊಡ್ಡದಾಯಿತೆಂದು ಸರಕಾರಕ್ಕೆ ಯಾಕೆ ಹೊಟ್ಟೆಯುರಿ?"

ಕೇಳುವವರು ಸುಮ್ಮನೆ ಕೇಳುವುದಿಲ್ಲ. ಅವರಲ್ಲಿ ಹೆಚ್ಚಿನವರು ಒಂದು ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾದ ಕಾಲದವರು. ಏಕಸ್ವಾಮ್ಯ ತಡೆಯಲು ತಂದ 1969ರ ಎಂಆರ್‌ಟಿಪಿ ಕಾಯ್ದೆಯ ಕಣ್ಣಿನಲ್ಲಿ ದೊಡ್ಡದಾಗುವುದೇ ಒಂದು ತಪ್ಪು. 20 ಕೋಟಿ ರೂಪಾಯಿ ಆಸ್ತಿ ದಾಟಿದ ಸಂಸ್ಥೆ ಕಾರ್ಖಾನೆ ವಿಸ್ತರಿಸಬೇಕಾದರೆ ದೆಹಲಿಯ ಅಪ್ಪಣೆ ಬೇಕಿತ್ತು. 1985ರಲ್ಲಿ ಆ ಮಿತಿಯನ್ನು 100 ಕೋಟಿಗೆ ಏರಿಸಿ, 1991ರಲ್ಲಿ ತೆಗೆದೇ ಹಾಕಿದರು. ಒಳ್ಳೆಯದೇ ಆಯಿತು. ಆ ಕಾಲ ಮರಳಿ ಬರಲಿ ಎಂದು ನಾನೂ ಹೇಳುವುದಿಲ್ಲ.

ಆದರೂ ನನ್ನ ಉತ್ತರ ಬೇರೆ. ಅದು ಶುರುವಾಗುವುದು ಪುತ್ತೂರು ಕಡೆಯ ನಮ್ಮ ಅಡಿಕೆ ತೋಟದಲ್ಲಿ.

1970ರ ದಶಕದಲ್ಲಿ ನಮ್ಮೂರಿನಲ್ಲಿ ಅಡಿಕೆ ಮರಗಳ ನೆರಳಿಗೆ, ಚಾಕೊಲೇಟ್ ಮಾಡುವ ಕೊಕ್ಕೊ ಗಿಡ ನೆಡುವ ಉತ್ಸಾಹ ಹಬ್ಬಿತ್ತು. ಕೊಳ್ಳುವುದಕ್ಕೆ ಒಂದು ಕಂಪನಿ ಇತ್ತು, ಕ್ರಯವೂ ಚೆನ್ನಾಗಿತ್ತು, ಅಪ್ಪನೂ ನೆಟ್ಟರು. ಅಂಗಳದಲ್ಲಿ ಕಾಯಿ ಒಡೆಯುವಾಗ ಪಕ್ಕದಲ್ಲಿ ಕುಳಿತು ಬೀಜಕ್ಕೆ ಅಂಟಿದ ಬಿಳಿ ಲೋಳೆಯನ್ನು ಚೀಪುವುದು ನನ್ನ ಕೆಲಸ. ಸಿಹಿ, ಸ್ವಲ್ಪ ಹುಳಿ. 1980ರ ಹೊತ್ತಿಗೆ ಹೊರದೇಶಗಳ ಮಾರುಕಟ್ಟೆಯಲ್ಲಿ ಕೊಕ್ಕೊ ಕ್ರಯ ಬಿದ್ದಿತು, ಇಲ್ಲಿ ಖರೀದಿ ನಿಂತಿತು. ಅಪ್ಪ ಒಂದು ದಿನ ಬುಟ್ಟಿ ಹೊತ್ತುಕೊಂಡು ಹೋಗಿ ಹಾಗೆಯೇ ಹೊತ್ತುಕೊಂಡು ಬಂದರು. ಏನೂ ಹೇಳಲಿಲ್ಲ. ಬುಟ್ಟಿಯನ್ನು ಹಟ್ಟಿಯ ಪಕ್ಕ ಇಟ್ಟರು. ಮರುದಿನ ಅದರಿಂದ ಕಳ್ಳಿನಂಥ ವಾಸನೆ, ಮೂರನೆಯ ದಿನ ಯಾರೂ ಹತ್ತಿರ ಹೋಗುವಂತಿರಲಿಲ್ಲ. ಆಮೇಲೆ ಮರದಲ್ಲಿದ್ದ ಕಾಯಿಗಳು ಅಳಿಲಿನ ಪಾಲಾದವು. ನೆರೆಮನೆಯವರು ಗಿಡಗಳನ್ನೇ ಕಡಿದು ಹಾಕಿದರು.

ಅಡಿಕೆಯ ಗತಿ ಹೀಗಲ್ಲ. ಒಣಗಿಸಿ, ಸುಲಿದು, ಗೋಣಿಯಲ್ಲಿ ತುಂಬಿಟ್ಟರೆ ವರ್ಷ ಕಳೆದರೂ ಕೆಡುವುದಿಲ್ಲ. ಹೊಸ ಅಡಿಕೆ ಹಳೆ ಅಡಿಕೆಯಾಗಿ, ಆಮೇಲೆ ಇನ್ನೂ ಹಳತಾಗಿ ಡಬ್ಬಲ್ ಚೋಲ್ ಎನಿಸಿಕೊಂಡು ಕ್ರಯ ಏರುವುದೂ ಉಂಟು. ವ್ಯಾಪಾರಿ ಕಡಿಮೆ ಹೇಳಿದರೆ "ಈಗ ಕೊಡುವುದಿಲ್ಲ" ಎಂದು ಎದ್ದು ಬರಬಹುದು. ಹಸಿ ಕೊಕ್ಕೊ ಬೀಜದೊಂದಿಗೆ ಹಾಗೆ ಎದ್ದು ಬರಲಾಗುವುದಿಲ್ಲ. ಇಷ್ಟು ಬಿಟ್ಟರೆ ನನ್ನ ಅರ್ಥಶಾಸ್ತ್ರದಲ್ಲಿ ಹೆಚ್ಚೇನೂ ಇಲ್ಲ. ಎದುರಿನ ಕಂಪನಿ ಎಷ್ಟು ದೊಡ್ಡದು ಎಂದು ನಾನು ಕೇಳುವುದಿಲ್ಲ. ನಮ್ಮವನಿಗೆ "ಬೇಡ" ಎಂದು ಹೇಳಿ ಬರಲು ಇನ್ನೊಂದು ಜಾಗ ಇದೆಯೇ ಎಂದು ಕೇಳುತ್ತೇನೆ.

ಆ ಜಾಗವನ್ನು ನಮ್ಮವರೇ ಕಟ್ಟಿಕೊಂಡರು. ಅಡಿಕೆ ಕ್ರಯ ಕುಸಿದು ಬೆಳೆಗಾರ ಕಂಗೆಟ್ಟಿದ್ದ ಹೊತ್ತಿನಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರದೇ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. ಅದೇ ಕ್ಯಾಂಪ್ಕೊ ಆಮೇಲೆ ಕೊಕ್ಕೊ ಖರೀದಿಗೂ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಈಗಲೂ ಕ್ಯಾಂಪ್ಕೊ ದರ ನೋಡಿಕೊಂಡು ಕಿಲೋಗೆ ಎರಡು ರೂಪಾಯಿ ಹೆಚ್ಚು ಕೊಡುವ ಖಾಸಗಿ ಅಂಗಡಿಗೆ ಅಡಿಕೆ ಹಾಕಿ, "ಕ್ಯಾಂಪ್ಕೊದಿಂದ ಏನು ಪ್ರಯೋಜನ?" ಎಂದು ಕೇಳುವವರಿದ್ದಾರೆ. ಆ ಎರಡು ರೂಪಾಯಿ ಎಲ್ಲಿಂದ ಬಂತೆಂದು ಅವರಿಗೆ ಹೇಳಿ ಹೇಳಿ ಸೋತಿದ್ದೇನೆ.

ಇನ್ನು ಕಾನೂನಿನ ವಿಷಯ. 2002ರಲ್ಲಿ ಬಂದ ಸ್ಪರ್ಧಾ ಕಾಯ್ದೆಯ ನಾಲ್ಕನೆಯ ಸೆಕ್ಷನ್ ಪ್ರಬಲವಾಗಿ ಬೆಳೆಯುವುದನ್ನು ತಪ್ಪು ಎನ್ನುವುದಿಲ್ಲ, ಆ ಬಲದ ದುರುಪಯೋಗವನ್ನು ಮಾತ್ರ ತಪ್ಪು ಎನ್ನುತ್ತದೆ. 2022ರ ಅಕ್ಟೋಬರ್‌ನಲ್ಲಿ ಆ ಕಾಯ್ದೆಯನ್ನು ಜಾರಿ ಮಾಡುವ ಭಾರತೀಯ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿದ್ದು ಅದು ದೊಡ್ಡದೆಂದಲ್ಲ. ಪ್ಲೇ ಸ್ಟೋರ್ ಬೇಕಿದ್ದ ಮೊಬೈಲ್ ತಯಾರಕರು ಗೂಗಲ್‌ನ ಉಳಿದ ಆ್ಯಪ್‌ಗಳ ಕಟ್ಟನ್ನೂ ಹೊರಬೇಕಾಗಿತ್ತು ಎಂಬುದು ಮುಖ್ಯ ಆಕ್ಷೇಪಗಳಲ್ಲೊಂದು. ಮರುವರ್ಷ ಮೇಲ್ಮನವಿ ನ್ಯಾಯಮಂಡಳಿ ಕೆಲವು ನಿರ್ದೇಶನಗಳನ್ನು ತೆಗೆದುಹಾಕಿದರೂ ದಂಡವನ್ನು ಉಳಿಸಿತು.

ಅದೇ ತಿಂಗಳಲ್ಲಿ ಬಂದ ಇನ್ನೊಂದು ಆದೇಶ ನಮ್ಮ ಊರಿಗೆ ಹೆಚ್ಚು ಹತ್ತಿರದ್ದು. ಮೇಕ್‌ಮೈಟ್ರಿಪ್, ಗೋಐಬಿಬೊ ಎಂಬ ಹೋಟೆಲ್ ಬುಕಿಂಗ್ ತಾಣಗಳಿಗೆ ಆಯೋಗ 223.48 ಕೋಟಿ ದಂಡ ವಿಧಿಸಿತು. ತಮ್ಮಲ್ಲಿರುವ ದರಕ್ಕಿಂತ ಕಡಿಮೆಗೆ ಬೇರೆ ಕಡೆ ಕೋಣೆ ಕೊಡಬಾರದೆಂದು ಹೋಟೆಲುಗಳಿಗೆ ಹಾಕಿದ್ದ ಕರಾರು ಅದರಲ್ಲಿದ್ದ ಒಂದು ದೊಡ್ಡ ತಕರಾರು. ಕೃಷ್ಣಮಠಕ್ಕೆ ಬರುವ ಯಾತ್ರಿಕನನ್ನು ನೆನೆಯಿರಿ. ಅಂಥ ಕರಾರಿಗೆ ಸಹಿ ಹಾಕಿದ ಲಾಡ್ಜಿನವನು ಅವನಿಗೆ ನೂರು ರೂಪಾಯಿ ಬಿಟ್ಟುಕೊಡಲು ಮನಸ್ಸು ಮಾಡಿದರೂ ಬಿಡುವಂತಿಲ್ಲ. ಅಗ್ಗವೆಂದು ನಾವು ನಂಬಿದ ಬೆಲೆಯೇ ಇನ್ನೂ ಅಗ್ಗದ ಬೆಲೆಯನ್ನು ಬಾಗಿಲ ಹೊರಗೆ ನಿಲ್ಲಿಸಿರುತ್ತದೆ.

ಮಣಿಪಾಲದ ರಸ್ತೆಯಲ್ಲಿ ಹೋಟೆಲು ನಡೆಸುವ ನನ್ನ ಭಾವನವರ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಟ್ಯಾಬ್ ಇದೆ. ಆಹಾರ ತಲುಪಿಸುವ ಆ್ಯಪಿನದು. ಆರ್ಡರ್ ಬಂದರೆ ಒತ್ತುವವರೆಗೂ ಕೂಗುತ್ತಲೇ ಇರುತ್ತದೆ. ಒಮ್ಮೆ ಲೆಕ್ಕಕ್ಕೆ ಕುಳಿತಾಗ 200 ರೂಪಾಯಿಯ ಒಂದು ಆರ್ಡರನ್ನು ಬಿಡಿಸಿ ನೋಡಿದೆವು. ಕಮಿಷನ್ ಕಳೆದು, ಅದರ ಮೇಲಿನ ತೆರಿಗೆ ಕಳೆದು, ಗಿರಾಕಿಗೆ ಕೊಟ್ಟ ರಿಯಾಯಿತಿಯಲ್ಲಿ ಭಾವನವರ ಪಾಲೂ ಕಳೆದು ಉಳಿದದ್ದು 132. "ಅದು ಹೋಗಲಿ ಭಾವ," ಎಂದರು, "ನನ್ನ ಗಿರಾಕಿ ಯಾರೆಂದೇ ನನಗೆ ಗೊತ್ತಿಲ್ಲ. ಹೆಸರು ಕಾಣುತ್ತದೆ, ನಂಬರಿಲ್ಲ." ಬೇಡವಾದರೆ ಬಿಡಬಹುದಲ್ಲ? ಬಿಟ್ಟು ನೋಡಿದ್ದರು, ಹದಿನೈದು ದಿನ. ಹಾಸ್ಟೆಲಿನ ಮಕ್ಕಳು ಅವರನ್ನು ಮರೆತೇಬಿಟ್ಟರು. ಗೋಳಿಬಜೆಯೂ ಹಸಿ ಕೊಕ್ಕೊವಿನ ಜಾತಿಯದೇ, ಆರಿದ ಮೇಲೆ ಯಾರಿಗೂ ಬೇಡ.

ಹಾಗೆಂದು ಆಯೋಗವನ್ನು ಹೊಗಳಿ ಕೂರುವವನಲ್ಲ ನಾನು. ಸಿಮೆಂಟ್ ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಬೆಲೆ ಏರಿಸಿದವೆಂದು 2012ರಲ್ಲಿ 6,000 ಕೋಟಿಗೂ ಮಿಕ್ಕಿ ದಂಡ ಹಾಕಿದರು. 2015ರಲ್ಲಿ ಆ ಆದೇಶ ರದ್ದಾಯಿತು, 2016ರಲ್ಲಿ ಆಯೋಗ ಮತ್ತೆ ಆದೇಶ ಮಾಡಿತು, 2018ರಲ್ಲಿ ನ್ಯಾಯಮಂಡಳಿ ಅದನ್ನು ಎತ್ತಿಹಿಡಿಯಿತು, ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. ಆ ಕಾಲದಲ್ಲಿ ಮನೆ ಕಟ್ಟಿಸಿದ ನನ್ನ ಕಕ್ಷಿದಾರರೊಬ್ಬರು ಅಷ್ಟರಲ್ಲಿ ಎರಡು ಸಲ ಸುಣ್ಣಬಣ್ಣ ಮಾಡಿಸಿದ್ದರು. ಇದಕ್ಕೇ, ತಪ್ಪು ನಡೆದ ಮೇಲೆ ಹುಡುಕುವುದಕ್ಕಿಂತ ಅತಿ ದೊಡ್ಡ ಡಿಜಿಟಲ್ ಕಂಪನಿಗಳಿಗೆ ಮೊದಲೇ ನಿಯಮ ಇರಲಿ ಎಂದು 2024ರ ಮಾರ್ಚ್‌ನಲ್ಲಿ ಒಂದು ಕರಡು ಮಸೂದೆ ಹೊರಬಂತು. ಮಿತಿಯನ್ನು ತೀರಾ ಕೆಳಗಿಟ್ಟರೆ ಬೆಳೆಯುತ್ತಿರುವ ನಮ್ಮ ಕಂಪನಿಗಳೇ ಸಿಕ್ಕಿಬೀಳುತ್ತವೆ ಎಂಬ ಭಯವನ್ನು ನಾನು ತಳ್ಳಿಹಾಕುವುದಿಲ್ಲ, 20 ಕೋಟಿಯ ಕಥೆ ಮರೆತಿಲ್ಲ. ಆದರೆ ಮಿತಿ ಎಷ್ಟಿರಬೇಕು ಎಂಬ ಜಗಳಕ್ಕೂ ನಿಯಮವೇ ಬೇಡ ಎಂಬ ಜಗಳಕ್ಕೂ ತುಂಬ ಅಂತರವಿದೆ.

ಸರಕಾರವೂ ತನ್ನ ಮನೆಯ ವಿಷಯಕ್ಕೆ ಬಂದಾಗ ಬೇರೆ ತಕ್ಕಡಿ ಹಿಡಿಯುತ್ತದೆ. ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ವಿಲೀನವಾದಾಗ ನಮ್ಮ ಜಿಲ್ಲೆಗಳಲ್ಲಿ ಹೆಸರು ಹೋಯಿತೆಂದು ಕಣ್ಣೀರು ಹಾಕಿದೆವು. ರಾಷ್ಟ್ರೀಕೃತ ಬ್ಯಾಂಕುಗಳ ವಿಲೀನ ಆಯೋಗದ ಪರಿಶೀಲನೆಗೆ ಬರಬೇಕಿಲ್ಲ ಎಂದು 2017ರಲ್ಲೇ ಹತ್ತು ವರ್ಷಗಳ ವಿನಾಯಿತಿ ಕೊಟ್ಟಾಗಿತ್ತು, ಅದರ ಬಗ್ಗೆ ಯಾರೂ ಮಾತಾಡಲಿಲ್ಲ. ಮೊದಲು ಸಿಂಡಿಕೇಟಿನವರು ಸಾಲ ಇಲ್ಲವೆಂದರೆ ನನ್ನ ಕಕ್ಷಿದಾರ ಅದೇ ಫೈಲನ್ನು ಕಂಕುಳಲ್ಲಿಟ್ಟುಕೊಂಡು ಕೆನರಾ ಬ್ಯಾಂಕಿಗೆ ನಡೆಯುತ್ತಿದ್ದ. ಈಗ ಎರಡೂ ಕಡೆ ಒಂದೇ ಬೋರ್ಡು.

ಭಾವನವರು ಈಚೆಗೆ ಪಾರ್ಸೆಲ್ ಚೀಲದ ಮೇಲೆ ತಮ್ಮ ಫೋನ್ ನಂಬರಿನ ರಬ್ಬರ್ ಸ್ಟಾಂಪ್ ಒತ್ತಲು ಶುರುಮಾಡಿದ್ದಾರೆ. ಕಳೆದ ವಾರ ಜೋರು ಮಳೆಯ ಸಂಜೆ ನಾನು ಅಲ್ಲೇ ಇದ್ದೆ, ಯಾರೋ ಹುಡುಗಿ ನೇರ ಫೋನ್ ಮಾಡಿ ಎರಡು ಪ್ಲೇಟು ಬನ್ಸ್ ಹೇಳಿದಳು. ತಲುಪಿಸಲು ಹುಡುಗರಿಲ್ಲ. ಭಾವನವರೇ ರೈನ್‌ಕೋಟು ಹಾಕಿಕೊಂಡು, ನನ್ನನ್ನು ಗಲ್ಲಾದಲ್ಲಿ ಕೂರಿಸಿ, ಸ್ಕೂಟರ್ ಹತ್ತಿದರು. ಅವರು ತಿರುವು ದಾಟುವಷ್ಟರಲ್ಲಿ ಟ್ಯಾಬ್ ಕೂಗಲು ಶುರುಮಾಡಿತು. ಎಲ್ಲಿ ಒತ್ತಬೇಕೆಂದು ನನಗೆ ತಿಳಿಯಲಿಲ್ಲ, ಅಡುಗೆಮನೆಯಿಂದ ಭಟ್ಟರು ಹಿಟ್ಟಿನ ಕೈಯಲ್ಲೇ ಓಡಿ ಬಂದರು.