ಹೊರಗಡೆಗೆ ತೆರೆಯೋ ಬಾಗಿಲು

ಹೋದ ವಾರ ಮಗೂಗೆ ಮೊದಲನೇ ಹಲ್ಲು ಬಂತು. ಮನೇಲಿ ಎಲ್ರೂ ಸರದಿ ಮೇಲೆ ಬೆರಳು ಹಾಕಿ ಮುಟ್ಟಿ ನೋಡಿದ್ವಿ, ಅವತ್ತಿಂದ ಇದನ್ನ ಬರೀಬೇಕು ಬರೀಬೇಕು ಅಂತಾನೇ ಇದೆ. ಮಗುವಿನ ತಾಯಿನ ಕೇಳ್ಕೊಂಡೇ ಬರೀತಿದೀನಿ, ಹೆಸರು ಮಾತ್ರ ಬೇಡ ಅಂದಿದಾಳೆ.

ನಾನಿರೋದು ಡಬ್ಲಿನ್ನಿನ ಉತ್ತರಕ್ಕಿರೋ ಫಿಂಗ್ಲಾಸ್‌ನಲ್ಲಿ, ಒಂದು ಐರಿಶ್ ಮನೆಯವರ ಜೊತೆ. ಹೀಗೆ ಬಾಡಿಗೆ ಕೊಟ್ಟು ಮನೆಯವರ ಜೊತೇಲಿ ಇರೋದಕ್ಕೆ ಇಲ್ಲಿ ಡಿಗ್ಸ್ ಅಂತಾರೆ. ವಯಸ್ಸಾದೋರನ್ನ ನೋಡ್ಕೊಳ್ಳೋ ಕೇರ್ ಅಸಿಸ್ಟೆಂಟ್ ಕೆಲಸ ನಂದು. ಮನೆ 1950ರ ದಶಕದಲ್ಲಿ ಕಾರ್ಪೊರೇಶನ್ನಿಂದ ಕಟ್ಟಿಸಿದ್ದು, ಸಾಲುಮನೆ, ಮೇಲೆ ಮೂರು ರೂಮು ಒಂದೇ ಬಾತ್‌ರೂಮು. ಯಜಮಾನ್ರು ಗಾರೆ ಕೆಲಸದೋರು, ಏಳು ಮಕ್ಕಳು, ದೊಡ್ಡ ಗಂಡುಮಕ್ಕಳಿಬ್ರು ಆಸ್ಟ್ರೇಲಿಯಾಗೆ ಕೆಲಸಕ್ಕೆ ಹೋದ್ರು, ಒಬ್ಬಳಿಗೆ ಮದುವೆ ಆಗಿದೆ, ಉಳಿದ ಮೂರು ಹುಡುಗೀರು ಒಂದೇ ರೂಮಲ್ಲಿ, ಕೊನೇ ಹುಡುಗ ಪೆಟ್ಟಿಗೆಯಷ್ಟು ಚಿಕ್ಕ ರೂಮಲ್ಲಿ, ಕೆಳಗಡೆ ಮುಂದಿನ ರೂಮಲ್ಲಿ ಅಜ್ಜಿ. ಹಿಂದೆ ಸೇರಿಸಿ ಕಟ್ಟಿದ ರೂಮು ನಂಗೆ, ಅದು ಮೊದಲು ಆ ಗಂಡುಮಕ್ಕಳದ್ದು. ಅಮ್ಮನ್ನ ಇವರೂ 'ಮಾ' ಅಂತಾನೇ ಕರೀತಾರೆ, ಹಂಗಾಗಿ ನಾನೂ ಬಂದ ವಾರದಲ್ಲೇ ಮಾ ಅನ್ನಕ್ಕೆ ಶುರು ಮಾಡಿದ್ದೆ.

2023ರ ಜನವರಿ ಕೊನೇಲಿ ಒಂದು ಭಾನುವಾರ ಡ್ಯೂಟಿ ಮುಗಿಸಿ ಬಂದೆ, ಮೂವರಲ್ಲಿ ನಡುವಿನೋಳು ಮೆಟ್ಟಿಲ ಮೇಲೆ ಕೂತಿದ್ಲು, ಕೋಟು ತೆಗೆದಿರ್ಲಿಲ್ಲ. ಅವಳಿಗಾಗ 20 ವರ್ಷ, ಸೂಪರ್‌ಮಾರ್ಕೆಟ್‌ನಲ್ಲಿ ಕೆಲಸ. ನಾನು ಬಾಗಿಲು ಹಾಕೋಷ್ಟರಲ್ಲಿ ಎದ್ದು ಅಡುಗೆಮನೆಗೆ ಹೋದ್ಲು, ಯಾರಾದ್ರೂ ಒಬ್ರು ಬರ್ಲಿ ಅಂತ ಕಾಯ್ತಿದ್ಲೋ ಏನೋ. ಮಾ ಅಳೋದು ಕೇಳ್ತು, ಆಮೇಲೆ ಕೆಟಲ್‌ಗೆ ನೀರು ಹಿಡಿಯೋ ಶಬ್ದ. ಎಷ್ಟು ವಾರ ಅಂದ್ರು ಮಾ, ಎಂಟು ಅಂದ್ಲು. ಹುಡುಗ ಯಾರು ಏನು ಅಂತ ಆಮೇಲೆ ಬಂತು. ಕೆಟ್ಟೋನಲ್ಲ, ಈಗ ಭಾನುವಾರ ಬರ್ತಾನೆ, ಡೈಪರ್ ಬದಲಾಯಿಸ್ತಾನೆ, ಅವನ ಬಗ್ಗೆ ಇಷ್ಟು ಸಾಕು.

ಎಂಟು ವಾರ ಅಂದ್ರೆ ಇಲ್ಲಿ ಈಗ ಅವಳ ಮುಂದೆ ಎರಡು ದಾರಿ ಇತ್ತು. 2018ರ ಮೇ 25ಕ್ಕೆ ಜನಮತ ಆಗಿ ಶೇಕಡಾ 66 ಜನ ಹೂಂ ಅಂದ ಮೇಲೆ, 2019ರಿಂದ 12 ವಾರದ ತನಕ ಗರ್ಭಪಾತಕ್ಕೆ ಕಾನೂನು ಒಪ್ಪುತ್ತೆ, ಡಾಕ್ಟರನ್ನ ನೋಡಿ ಮೂರು ದಿನ ಕಾಯ್ಬೇಕು ಅಷ್ಟೆ. ಅದಕ್ಕೂ ಮೊದಲು ದುಡ್ಡು ಹೊಂದಿಸ್ಕೊಂಡು ಇಂಗ್ಲೆಂಡಿಗೆ ಹೋಗ್ಬೇಕಿತ್ತು. ಈ ಕಾನೂನು ಬದಲಾದದ್ದರಲ್ಲಿ ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ ಜೀವ ಇದೆ. 2012ರ ಅಕ್ಟೋಬರ್‌ನಲ್ಲಿ ಇಲ್ಲಿನ ಗಾಲ್ವೇ ಊರಲ್ಲಿ, 17 ವಾರದ ಬಸುರಿ, ಗರ್ಭ ಉಳಿಯಲ್ಲ ಅಂತ ಗೊತ್ತಾದ್ಮೇಲೂ ಕೇಳಿದ ಗರ್ಭಪಾತ ಸಿಗದೆ ನಂಜೇರಿ ಹೋಗ್ಬಿಟ್ರು, 31 ವರ್ಷ. ನಾನು ಕರ್ನಾಟಕದೋಳು ಅಂತ ಗೊತ್ತಾದ ದಿನ ಮಾ ನನ್ನ ಕೈ ಹಿಡ್ಕೊಂಡು ಆ ಹೆಸರು ಹೇಳಿದ್ರು, ಅವರ ನಾಲಿಗೇಲಿ ಹೆಸರು ಸರಿಯಾಗೇ ತಿರುಗ್ತು. ಅದು ನಂಗೆ ಮರೆಯಕ್ಕಾಗಲ್ಲ.

ಹುಡುಗಿ ಡಾಕ್ಟರ್ ಹತ್ರ ಹೋದ್ಲು, ಬಂದ್ಲು, ಮೂರು ದಿನ ಕೆಲಸಕ್ಕೂ ಹೋದ್ಲು. ನಾಲ್ಕನೇ ದಿನ ಬ್ರೆಡ್ಡಿಗೆ ಬೆಣ್ಣೆ ಹಚ್ತಾ ಇಟ್ಕೋತೀನಿ ಅಂದ್ಲು. ಯಾರೂ ಅವಳನ್ನ ಆ ಕಡೆಗೂ ಎಳೀಲಿಲ್ಲ ಈ ಕಡೆಗೂ ತಳ್ಳಲಿಲ್ಲ.

ಈಗ ಒಂದು ಮಾತು ಒಪ್ಕೋಬೇಕು. ಅವಳು ಇಟ್ಕೋತೀನಿ ಅಂದಾಗ ನಂಗೆ ಮೊದಲು ಬಂದ ಯೋಚನೆ ನನ್ನ ರೂಮಿಂದು. ಡಬ್ಲಿನ್ನಲ್ಲಿ ಬಾಡಿಗೆ ಮನೆ ಹುಡ್ಕೋ ಪಾಡು ಅನುಭವಿಸಿದೋರಿಗೇ ಗೊತ್ತು. ಮಾರನೇ ದಿನ ಯಜಮಾನ್ರು ಟೇಪ್ ಹಿಡ್ಕೊಂಡು ಮನೆ ತುಂಬ ಅಳೀತಾ ಓಡಾಡಿದ್ರು, ತಲೇಲಿ ಇನ್ನೂ ಗಾರೆ ಪುಡಿ, ಯಾರ ಹತ್ರಾನೂ ಮಾತಿಲ್ಲ, ಮಗಳ ಮುಖ ಸಹ ನೋಡ್ತಿರ್ಲಿಲ್ಲ. ನಾನು ರಾತ್ರಿಯೆಲ್ಲ ಫೋನಲ್ಲಿ ರೂಮು ಹುಡುಕಿದೆ. ಬೆಳಗ್ಗೆ ಮಾ ನನ್ನ ಮುಖ ನೋಡಿಯೇ ಕಂಡುಹಿಡಿದ್ರು, ನೀನೆಲ್ಲಿಗೆ ಹೋಗ್ತೀಯ, ಕೂತ್ಕೊಂಡು ಟೀ ಕುಡಿ ಅಂದ್ರು.

ಅಜ್ಜಿ ಕಥೆ ಹೇಳಿದ್ದು ಅದಾದ ಮೇಲೆ, ಬಟ್ಟೆ ಮಡಚೋವಾಗ. ಅಜ್ಜಿ ಬೆಳೆದಿದ್ದೂ ಇದೇ ಮನೇಲಿ, ಹನ್ನೊಂದು ಮಕ್ಕಳಲ್ಲಿ ಒಬ್ರು. ಆವಾಗ ಗರ್ಭನಿರೋಧಕ ಮಾರೋದೇ ಅಪರಾಧ, 1979ರಲ್ಲಿ ಕಾನೂನು ಸಡಿಲ ಮಾಡಿದಾಗ್ಲೂ ಡಾಕ್ಟರ್ ಚೀಟಿ ಬೇಕಿತ್ತು. 1964ರಲ್ಲಿ ಅಜ್ಜಿಯ ಅಕ್ಕ, 19 ವರ್ಷದೋಳು, ಮದುವೆ ಇಲ್ಲದೆ ಬಸುರಾದ್ಲು. ಒಂದು ಸಂಜೆ ಪಾದ್ರಿಗಳ ಕಾರು ಬಂತು, ಅವಳನ್ನ ಕೂರಿಸ್ಕೊಂಡು ಹೋಯ್ತು, ನೆರೆಯೋರಿಗೆ ಇಂಗ್ಲೆಂಡಲ್ಲಿ ಕೆಲಸ ಸಿಕ್ಕಿದೆ ಅಂತ ಹೇಳಿದ್ರು. ಇದ್ದದ್ದು ಅಂಥ ಹುಡುಗೀರಿಗೆ ಅಂತಲೇ ಇದ್ದ ಹೋಮಲ್ಲಿ. ಮಗೂನ ದತ್ತು ಕೊಟ್ರು, ಅವಳು ಅಲ್ಲಿಂದ ನಿಜವಾಗ್ಲೂ ಮ್ಯಾಂಚೆಸ್ಟರ್‌ಗೆ ಹೋದ್ಲು, ತಾಯಿ ಸತ್ತಾಗ ಒಂದ್ಸಲ ಬಂದ್ಲು, ಅಲ್ಲೇ ತೀರ್ಕೊಂಡ್ಲು. ಮದುವೆಯಿಲ್ಲದ ತಾಯಂದ್ರಿಗೆ ಸರ್ಕಾರದಿಂದ ಭತ್ಯೆ ಅಂತ ಶುರುವಾಗಿದ್ದೇ 1973ರಲ್ಲಿ. 2021ರ ಜನವರಿಯಲ್ಲಿ ಅಂಥ 18 ಸಂಸ್ಥೆಗಳ ತನಿಖಾ ವರದಿ ಬಂತು, ಸುಮಾರು 56,000 ತಾಯಂದ್ರು, ಸುಮಾರು 9,000 ಮಕ್ಕಳು ಸತ್ತಿದ್ದು, ಪ್ರಧಾನಿ ಮೀಹಾಲ್ ಮಾರ್ಟಿನ್ ಪಾರ್ಲಿಮೆಂಟಲ್ಲಿ ಕ್ಷಮೆ ಕೇಳಿದ್ರು. ಅಜ್ಜಿ ಆ ಕ್ಷಮೆ ಕೇಳೋ ಅರ್ಧದಲ್ಲೇ ಟಿವಿ ಆಫ್ ಮಾಡಿದ್ರಂತೆ.

ಅಜ್ಜಿ ಒಂದು ದಿಂಬಿನ ಕವರನ್ನ ಮಡಚ್ತಾ ಬಿಚ್ತಾ ಮತ್ತೆ ಮಡಚ್ತಾ ಹೇಳಿದ್ದು ಇದು, ಹನ್ನೊಂದು ಜನ ಮಲಗ್ತಿದ್ವಿ ಇದೇ ಮನೇಲಿ, ಹನ್ನೆರಡನೇದಕ್ಕೆ ಜಾಗ ಇರ್ಲಿಲ್ವಾ? ನಂಗೆ ಏನೂ ಹೇಳಕ್ಕಾಗ್ಲಿಲ್ಲ. ಯಜಮಾನ್ರು ಬಾಗಿಲ ಹತ್ರ ಟೇಪ್ ಹಿಡ್ಕೊಂಡು ನಿಂತಿದ್ರು, ಕೇಳಿಸ್ಕೊಂಡ್ರು ಅನ್ಸುತ್ತೆ.

ಆ ಶನಿವಾರ ಅವರು ಹುಡುಗೀರ ರೂಮಿನ ಬಾಗಿಲು ಕಳಚಿದ್ರು. ವಿಷಯ ಏನಂದ್ರೆ, ಒಂದರ ಮೇಲೊಂದಿರೋ ಮಂಚಾನ ಕಿಟಕಿ ಕಡೆ ಸರಿಸಿದ್ರೆ ತೊಟ್ಟಿಲಿಗೆ ಜಾಗ ಸಿಗುತ್ತೆ, ಆದ್ರೆ ಆ ಜಾಗಕ್ಕೇ ಬಾಗಿಲು ಒಳಗೆ ಬಂದು ಬಡಿಯುತ್ತೆ. ಹಾಗಾಗಿ ಚೌಕಟ್ಟಿನ ಪಟ್ಟಿ ಕಿತ್ತು, ಉಳೀಲಿ ಕೀಲಿನ ಗುಳಿ ಹೊಸದಾಗಿ ಕೊರೆದು, ಹಳೇ ಗುಳಿಗಳಿಗೆ ಗಾರೆ ಮೆತ್ತಿ ನುಣ್ಣಗೆ ಉಜ್ಜಿ, ಬಾಗಿಲು ಹೊರಗಡೆಗೆ ತೆರೆಯೋ ಥರ ಕೂರಿಸಿದ್ರು. ಸಂಜೆ ಆಯ್ತು. ಮಗಳನ್ನ ಕರೆದು ತೆಗೆದು ನೋಡು ಅಂದ್ರು. ಅವಳು ಎರಡು ಸಲ ತೆಗೆದು ಹಾಕಿದ್ಲು. ಗ್ರ್ಯಾಂಡ್ ಡಾ, ಅಂದ್ಲು. ಡಾ ಅಂದ್ರೆ ಅಪ್ಪ, ಗ್ರ್ಯಾಂಡ್ ಅಂದ್ರೆ ಇಲ್ಲಿ ಎಲ್ಲಾನೂ, ಸರಿಯಾಯ್ತು, ಪರವಾಗಿಲ್ಲ, ಅಳ್ಬೇಡ, ಸಾಕು. ಅಪ್ಪ ಮಗಳ ಮಧ್ಯೆ ಆ ವಿಷಯಕ್ಕೆ ಅದೊಂದೇ ಮಾತು ನಾನು ಕೇಳಿದ್ದು.

ಆಮೇಲಿಂದು ಲೆಕ್ಕಾಚಾರ. ಮಾ ಹಾಲಿನ ಬಿಲ್ಲಿನ ಹಿಂದೆ ಬರ್ಕೊಂಡ್ರು, ಹೆರಿಗೆ ಭತ್ಯೆ 26 ವಾರ, ವಾರಕ್ಕೆ 262 ಯೂರೋ, ಮಗುವಿನ ಭತ್ಯೆ ತಿಂಗಳಿಗೆ 140, ಆಸ್ಪತ್ರೆ ಖರ್ಚಿಲ್ಲ. ಸೆಪ್ಟೆಂಬರ್ ಮೊದಲ ವಾರದಲ್ಲಿ ರಾತ್ರಿ ನೋವು ಬಂತು, ರೊಟಂಡಾಗೆ ಕರ್ಕೊಂಡು ಹೋದ್ರು, 1745ರಿಂದ ಡಬ್ಲಿನ್ನಿನ ಹೆಂಗಸರು ಹೆರ್ತಾ ಬಂದಿರೋ ಆಸ್ಪತ್ರೆ ಅದು. ಹೆಣ್ಣು ಮಗು, ತಲೆ ತುಂಬ ಕೂದಲು.

ಅವಳು ಹೋದ ತಿಂಗಳು ಕೆಲಸಕ್ಕೆ ವಾಪಸ್ ಹೋದ್ಲು, ಬೆಳಗ್ಗೆ ಹೊತ್ತು ಮಗು ಅಜ್ಜಿ ಹತ್ರ. ನೈಟ್ ಡ್ಯೂಟಿ ಮುಗಿಸಿ ಮೇಲೆ ಬಾತ್‌ರೂಮಿಗೆ ಹೋಗುವಾಗ ಆ ಬಾಗಿಲಿನ ಅಂಚು ಭುಜಕ್ಕೆ ತಗಲದ ಹಾಗೆ ಸರಿದು ನಡೆಯೋದು ಈಗ ಎಲ್ಲರಿಗೂ ರೂಢಿ ಆಗಿದೆ.

2022ರ ಅಕ್ಟೋಬರ್‌ನಿಂದ ಇಲ್ಲಿ ಇನ್ನೊಂದು ಕಾನೂನು ಇದೆ, ದತ್ತು ಹೋದೋರು ತಮ್ಮ ಹುಟ್ಟಿದ ದಾಖಲೆ ತರಿಸ್ಕೋಬಹುದು, ಹೆತ್ತೋರ ಕಡೆಯೋರನ್ನ ಹುಡುಕಬಹುದು. ಅಕ್ಕನ ಮಗು ಬದುಕಿದ್ರೆ ಈಗ ಅರವತ್ತು ಹತ್ರ. ಹತ್ತು ಗಂಟೆ ಹೊತ್ತಿಗೆ ಬಾಗಿಲ ಸಂದಿಯಿಂದ ಪೋಸ್ಟ್ ಬಿದ್ದ ಶಬ್ದ ಆದ್ರೆ ಅಜ್ಜಿ ತಲೆ ಎತ್ತುತ್ತಾರೆ, ಮಗು ಹೆಗಲ ಮೇಲಿರೋದ್ರಿಂದ ಏಳಕ್ಕಾಗಲ್ಲ, ನನ್ನ ಕಳಿಸ್ತಾರೆ. ಏನ್ ಬಂತು ಅಂತಾರೆ. ಇವತ್ತು ಕರೆಂಟ್ ಬಿಲ್ಲು ಅಂದೆ. ಗ್ರ್ಯಾಂಡ್ ಅಂದ್ರು, ಮಗೂನ ಇನ್ನೊಂದು ಹೆಗಲಿಗೆ ಹಾಕ್ಕೊಂಡ್ರು.